ಯಾವ ಸಮರಕಲೆ, ಎಂಥ ಅಭ್ಯಾಸ, ಯಾರ ಹತ್ತಿರ: ಸೇರುವ ಮುನ್ನ ಹೋಲಿಸಿ ನೋಡಲು

"ಕರಾಟೆ ಒಳ್ಳೆಯದೋ ಜೂಡೊ ಒಳ್ಳೆಯದೋ" ಎಂದು ಕೇಳಿದರೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಕರಾಟೆ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಹೋಲದ ಮೂರು ಅಭ್ಯಾಸಗಳಾದರೂ ನಡೆಯುತ್ತವೆ. ಮಸುತಾತ್ಸು ಒಯಾಮಾ ಕಟ್ಟಿದ ಕ್ಯೊಕುಶಿನ್‌ನಲ್ಲಿ ಎದೆ, ಹೊಟ್ಟೆ, ತೊಡೆಗೆ ಪೂರ್ತಿ ಬಲದಿಂದ ಹೊಡೆಯುತ್ತಾರೆ, ತಲೆಗೆ ಒದೆಯುತ್ತಾರೆ, ಆದರೆ ಮುಖಕ್ಕೆ ಕೈಯಲ್ಲಿ ಗುದ್ದುವಂತಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಡ ಅಂಕದ ಕರಾಟೆಯಲ್ಲಿ ಮುಖಕ್ಕೂ ಗುದ್ದು ಬರುತ್ತದೆ. ಬಲ ಮಾತ್ರ ಹತೋಟಿಯಲ್ಲಿರಬೇಕು, ಜೋರಾಗಿ ತಗುಲಿಸಿದವನಿಗೇ ದಂಡ. ಇನ್ನು ಎಷ್ಟೋ ತರಗತಿಗಳಲ್ಲಿ ಕಟಾ, ಅಂದರೆ ಕ್ರಮಕಟ್ಟಿದ ಒಂಟಿ ವರಸೆ ಮಾತ್ರ, ಎದುರಿಗೆ ಮನುಷ್ಯನೇ ಇರುವುದಿಲ್ಲ. ಈ ಮೂರು ಕಡೆ ಮೂರು ವರ್ಷ ಕಲಿತ ಮೂವರನ್ನು ನಿಲ್ಲಿಸಿದರೆ ಬಟ್ಟೆ ಒಂದೇ ಥರ ಇರುತ್ತದೆ, ಕೈಗೆ ಬಂದದ್ದು ಮಾತ್ರ ಬೇರೆ ಬೇರೆ.

ಹಾಗಾಗಿ ಕಲೆಯ ಹೆಸರು ಹಿಡಿದು ಹುಡುಕುವ ಬದಲು ಅಭ್ಯಾಸದ ಬಗೆಯಿಂದ ಶುರು ಮಾಡುವುದು ಮೇಲು. ಅಭ್ಯಾಸದಲ್ಲಿ ಮೂರು ಬಗೆ. ಮೊದಲನೆಯದು ಒಂಟಿಯಾಗಿ ಮಾಡುವುದು: ಕರಾಟೆಯ ಕಟಾ, ಟೇಕ್ವಾಂಡೊದ ಪೂಮ್ಸೆ, ಕಳರಿಯ ಮೈವರಸೆಗಳು, ಬಾಕ್ಸಿಂಗ್‌ನಲ್ಲಿ ಗಾಳಿಗೆ ಗುದ್ದುವ ಶ್ಯಾಡೊ. ಇದು ನಿಲುವು, ಸಮತೋಲ, ಮೈಯ ಹುರಿ ಕೊಡುತ್ತದೆ. ಎರಡನೆಯದು ಒಪ್ಪಂದದ ಜೋಡಿ: ಒಬ್ಬ ಹೇಳಿದಂತೆ ಗುದ್ದುತ್ತಾನೆ, ಇನ್ನೊಬ್ಬ ಹೇಳಿದಂತೆ ತಡೆಯುತ್ತಾನೆ. ಇದರಿಂದ ಅಂತರ ಮತ್ತು ಚಲನೆಯ ಕ್ರಮ ತಿಳಿಯುತ್ತದೆ. ಮೂರನೆಯದರಲ್ಲಿ ಎದುರಿನವನು ನಿಮ್ಮ ಮಾತು ಕೇಳುವುದಿಲ್ಲ. ಜೂಡೊದ ರಂದೊರಿ, ಜಿಯು-ಜಿಟ್ಸುವಿನ ರೋಲಿಂಗ್, ಗರಡಿಯ ಜೋರ್, ಬಾಕ್ಸಿಂಗ್‌ನ ಸ್ಪಾರಿಂಗ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಯಾವಾಗ ಹೊಡೆಯಬೇಕು, ಯಾವಾಗ ಹಿಂದೆ ಸರಿಯಬೇಕು, ಉಸಿರು ಹತ್ತಿದಾಗ ಏನು ಮಾಡಬೇಕು ಎಂಬುದು ಇಲ್ಲಿ ಮಾತ್ರ ಬರುತ್ತದೆ. ಮೊದಲೆರಡನ್ನು ಹತ್ತು ವರ್ಷ ಮಾಡಿದರೂ ಬರುವುದಿಲ್ಲ.

ಒಂದೂವರೆ ಗಂಟೆಯ ತರಗತಿಯಲ್ಲಿ, ಸೇರಿ ಆರು ತಿಂಗಳಾದ ವಿದ್ಯಾರ್ಥಿಗೆ ಮೂರನೆಯ ಬಗೆಯ ಅಭ್ಯಾಸ ಇಪ್ಪತ್ತು ನಿಮಿಷವಾದರೂ ಸಿಗುತ್ತಿಲ್ಲ ಎಂದರೆ ಅಲ್ಲಿ ಹೋರಾಟ ಕಲಿಯಲಾಗದು. ಆರೋಗ್ಯ, ಸೊಗಸು, ಪರಂಪರೆ ನಿಮ್ಮ ಗುರಿಯಾಗಿದ್ದರೆ ಅದರಿಂದ ನಷ್ಟವೇನೂ ಇಲ್ಲ. ಒಂದಕ್ಕೆಂದು ಸೇರಿ ಇನ್ನೊಂದನ್ನು ಪಡೆಯುವುದೇ ನಷ್ಟ.

ಹಿಡಿದು ಕೆಡಹುವ ಕಲೆಗಳು

ಜೂಡೊ, ಬ್ರೆಜಿಲಿಯನ್ ಜಿಯು-ಜಿಟ್ಸು, ಕುಸ್ತಿ ಮೂರಕ್ಕೂ ಒಂದು ಅನುಕೂಲ ಉಂಟು. ಗುದ್ದು ಒದೆ ಇಲ್ಲದ ಕಾರಣ ಪ್ರತಿ ದಿನವೂ ಹೆಚ್ಚು ಕಡಿಮೆ ಪೂರ್ತಿ ಬಲದಿಂದ ಸೆಣಸಬಹುದು, ತಲೆಗೆ ಪೆಟ್ಟು ಬೀಳುವುದು ಅಪರೂಪ. ಹಾಗಾಗಿ ಮೂರನೆಯ ಬಗೆಯ ಅಭ್ಯಾಸ ಇಲ್ಲಿ ಕೇಳದೆಯೇ ಸಿಗುತ್ತದೆ.

ಜೂಡೊವನ್ನು ಜಿಗೊರೊ ಕಾನೊ 1882ರಲ್ಲಿ ರೂಪಿಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಅದು ಬಂತು. ಎದುರಾಳಿಯನ್ನು ಬಲ, ವೇಗ, ಹತೋಟಿಯೊಡನೆ ಬೆನ್ನ ಮೇಲೆ ಕೆಡವಿದರೆ ಅಲ್ಲಿಗೇ ಗೆಲುವು. ನೆಲಕ್ಕೆ ಒತ್ತಿ 20 ಸೆಕೆಂಡ್ ಹಿಡಿದರೂ ಗೆಲುವೇ. ಅಂತರರಾಷ್ಟ್ರೀಯ ನಿಯಮ 2013ರಿಂದ ಕೈಯಿಂದ ಕಾಲು ಹಿಡಿಯುವುದನ್ನು ಪೂರ್ತಿ ನಿಷೇಧಿಸಿತು. ಹೀಗಾಗಿ ಸ್ಪರ್ಧೆಯೇ ಮುಖ್ಯವಾದ ಶಾಲೆಯಲ್ಲಿ ಕಾಲಿಗೆ ನುಗ್ಗುವವನನ್ನು ತಡೆಯುವ ಅಭ್ಯಾಸ ಕಡಿಮೆ. ಜೂಡೊ ಕೊಡುವ ದೊಡ್ಡ ಆಸ್ತಿ ಬೀಳುವ ವಿದ್ಯೆ, ಉಕೆಮಿ. ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತ, ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಇಡೀ ತೋಳಿನಿಂದ ನೆಲಕ್ಕೆ ಬಡಿಯಬೇಕು. ಹೊಸಬರು ಬೀಳುವಾಗ ಅಂಗೈ ಊರುತ್ತಾರೆ. ಮಣಿಕಟ್ಟೋ ಕಾಲರ್ ಬೋನೋ ಮುರಿಯುವುದು ಹಾಗೆ. ಗದ್ದ ಸಡಿಲ ಬಿಟ್ಟರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಒಸೊಟೊಗರಿಯಂಥ, ಹಿಂದಕ್ಕೆ ಕೊಯ್ದು ಕೆಡಹುವ ಪಟ್ಟಿನಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಉಕೆಮಿಗೆ ಮೊದಲ ಕೆಲವು ವಾರ ಮೀಸಲಿಡದೆ ಹೊಸಬರನ್ನು ಎತ್ತಿ ಹಾಕಿಸುವ ಶಾಲೆಯಿಂದ ಹಿಂತಿರುಗಿ ಬನ್ನಿ.

ಜಿಯು-ಜಿಟ್ಸು ಬೆಳೆದದ್ದು ಜೂಡೊದ ನೆಲದಾಟದಿಂದ. ಕಾನೊ ಅವರ ಜೂಡೊ ಶಾಲೆ ಕೊಡೊಕಾನ್‌ನ ಮಿತ್ಸುಯೊ ಮಾಯೆದಾ ಅದನ್ನು ಬ್ರೆಜಿಲ್‌ಗೆ ಒಯ್ದರು, ಅಲ್ಲಿನ ಗ್ರೇಸಿ ಮನೆತನ ಬೆಳೆಸಿತು. ಕೆಳಗೆ ಬಿದ್ದವನೂ ಕಾಲುಗಳಿಂದ ಎದುರಾಳಿಯನ್ನು ಹಿಡಿದು ಗೆಲ್ಲಬಹುದು ಎಂಬುದು ಇದರ ವಿಶೇಷ. ತೂಕ ಕಡಿಮೆಯಿರುವವರು, ವಯಸ್ಸು ದಾಟಿದವರು ಇಲ್ಲಿ ನಿಲ್ಲುವುದು ಇದೇ ಕಾರಣಕ್ಕೆ, ಕೆಡವಿಸಿಕೊಳ್ಳುವುದೂ ಜೂಡೊಗಿಂತ ಕಡಿಮೆ. ಕೊರತೆಯೂ ಅಲ್ಲೇ ಇದೆ: ಎಷ್ಟೋ ಶಾಲೆಗಳಲ್ಲಿ ಆಟ ಮಂಡಿಯೂರಿದಲ್ಲಿಂದಲೇ ಶುರುವಾಗುತ್ತದೆ, ನಿಂತವನನ್ನು ಕೆಡಹುವುದು ಬಿಳಿ ದಾಟಿದ ನೀಲಿ ಬೆಲ್ಟಿನವರಿಗೂ ಬಂದಿರುವುದಿಲ್ಲ. ವಾರಕ್ಕೆ ಒಂದು ತರಗತಿಯಾದರೂ ನಿಂತು ಆಡಿಸುತ್ತಾರೋ ಕೇಳಿ.

ಟ್ಯಾಪ್ ಮಾಡುವುದನ್ನು, ಅಂದರೆ ಸೋಲೊಪ್ಪಿ ಬಿಡಿಸಿಕೊಳ್ಳುವ ಸನ್ನೆಯನ್ನು, ಮೊದಲ ದಿನವೇ ಕಲಿಸಬೇಕು. ಎದುರಾಳಿಯ ಮೈಮೇಲೆ, ಅವನಿಗೆ ಗೊತ್ತಾಗುವಂತೆ, ಎರಡು ಮೂರು ಸಲ ಬಡಿಯಬೇಕು; ಎರಡೂ ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಕೂಗಬೇಕು. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುವ ಬಿಗಿತ ಸರಿಯಾಗಿ ಕೂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ, ತಾಳಿಕೊಳ್ಳುತ್ತೇನೆ ಎಂಬ ಹಟಕ್ಕೆ ಅಲ್ಲಿ ಬೆಲೆಯಿಲ್ಲ. ಹಿಮ್ಮಡಿ ತಿರುಚುವ ಹೀಲ್ ಹುಕ್ ಇನ್ನೂ ಕೆಟ್ಟದ್ದು. ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಕಟ್ಟುಗಳು ಹರಿದಿರುತ್ತವೆ. ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್‌ನ ಸ್ಪರ್ಧೆಗಳಲ್ಲೂ ಅದು ಗಿ (ಅಭ್ಯಾಸದ ದಪ್ಪ ಉಡುಪು) ಇಲ್ಲದ ಆಟದಲ್ಲಿ ಕಂದು ಮತ್ತು ಕಪ್ಪು ಬೆಲ್ಟಿನ ವಯಸ್ಕರಿಗೆ ಮಾತ್ರ. ಅದನ್ನು ಬಿಳಿ ಬೆಲ್ಟಿನವರು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರೂ ಗುರು ಸುಮ್ಮನಿದ್ದರೆ ಆ ಮೌನದಿಂದಲೇ ಶಾಲೆಯ ಗುಣ ತಿಳಿಯುತ್ತದೆ.

ಕುಸ್ತಿಯಷ್ಟು ಬೇಗ ಮೈಯನ್ನು ಗಟ್ಟಿ ಮಾಡುವ ಕಲೆ ಇನ್ನೊಂದಿಲ್ಲ. ಮಣ್ಣಿನ ಗರಡಿಯಲ್ಲಿ ದಂಡ, ಬಸ್ಕಿ, ಕುತ್ತಿಗೆಯ ಸಾಮು ಮೊದಲು, ಪಟ್ಟು ಆಮೇಲೆ. ಮ್ಯಾಟಿನ ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕದ ಲೆಕ್ಕ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೇ ಗೆಲುವು, ಹಾಗಾಗಿ ಹಿಡಿತ ಹೆಚ್ಚು, ಓಟ ಕಡಿಮೆ. ಹದಿನೈದರೊಳಗೆ ಶುರು ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಸಿಗದು. ಮೂವತ್ತೈದರ ಮೇಲೆ ಹೊಸದಾಗಿ ಸೇರುವವರಿಗೆ ಮಾತ್ರ ಕುತ್ತಿಗೆ, ಸೊಂಟ, ಮಂಡಿ ಬೇಗ ದೂರು ಹೇಳತೊಡಗುತ್ತವೆ. ಅವರ ವಯಸ್ಸಿನ ಜೊತೆಗಾರರು ಸಿಗುವುದೂ ಕಷ್ಟ. ಇಲ್ಲಿನ ದೊಡ್ಡ ಅಪಾಯವೆಂದರೆ ನೀರು ಬಿಟ್ಟು, ಬೆವರಿಳಿಸಿ ತೂಕ ಇಳಿಸುವುದು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು, ನಿಯಮಗಳು ಬದಲಾದದ್ದು ಆಮೇಲೆ. ಬೆಳೆಯುವ ಹುಡುಗನಿಗೆ ನೀರು ಕುಡಿಯಬೇಡ ಎನ್ನುವ ಉಸ್ತಾದ್ ಎಷ್ಟು ಪದಕ ತಂದಿದ್ದರೂ ಬೇಡ.

ಮೂರರಲ್ಲೂ ಮೈಗೆ ಮೈ ಉಜ್ಜುವುದರಿಂದ ಹುಳುಕಡ್ಡಿ, ಕೀವು ಹುಣ್ಣು, ಸರ್ಪಸುತ್ತಿನ ಬಳಗದ ಹರ್ಪಿಸ್ ಹರಡುತ್ತವೆ. ಮ್ಯಾಟನ್ನು ದಿನಕ್ಕೊಮ್ಮೆ ಸೋಂಕುನಿವಾರಕ ಹಾಕಿ ಒರೆಸುತ್ತಾರೋ, ಉಗುರು ನೋಡುತ್ತಾರೋ, ಚರ್ಮದ ಮೇಲೆ ಕಲೆ ಇರುವವನನ್ನು ಮನೆಗೆ ಕಳಿಸುತ್ತಾರೋ ಗಮನಿಸಿ. ಮ್ಯಾಟುಗಳ ನಡುವೆ ಸಂದು ಬಿಟ್ಟಿದ್ದರೆ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ, ಕಾಲಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಗುದ್ದು, ಒದೆಯ ಕಲೆಗಳು

ಇಲ್ಲಿ ತೂಗಬೇಕಾದ ಮುಖ್ಯ ವಿಷಯ ತಲೆಗೆ ಬೀಳುವ ಪೆಟ್ಟು. ಹೆಲ್ಮೆಟ್ ಹಾಕಿದರೆ ಸುರಕ್ಷಿತ ಎಂಬ ನಂಬಿಕೆ ಬಹಳ ಮಂದಿಗಿದೆ. ಹೆಲ್ಮೆಟ್ ಚರ್ಮ ಸೀಳುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. 2013ರಲ್ಲಿ ಅಮೆಚೂರ್ ಬಾಕ್ಸಿಂಗ್‌ನ ವಯಸ್ಕ ಪುರುಷರ ವಿಭಾಗದಿಂದ ಅದನ್ನು ತೆಗೆದೂ ಹಾಕಿದರು. ಕಾಪಾಡುವುದು ಎರಡೇ: ಸ್ಪಾರಿಂಗ್‌ನಲ್ಲಿ ಬಲ ಕಡಿಮೆ ಇಡುವುದು, ಪೆಟ್ಟು ಬಿದ್ದ ದಿನವೇ ನಿಲ್ಲಿಸುವುದು. ತಲೆನೋವು, ವಾಂತಿ, ತಲೆ ತಿರುಗುವಿಕೆ, ಮರೆವು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು. ವೈದ್ಯರು ಒಪ್ಪಿದ ಮೇಲೆ ಲಘು ಓಟ, ಆಮೇಲೆ ಒಂಟಿ ಅಭ್ಯಾಸ, ಆಮೇಲೆ ಜೊತೆಗಾರ ಹಿಡಿದ ಪ್ಯಾಡಿಗೆ ಹೊಡೆಯುವುದು, ಕೊನೆಗೆ ಸ್ಪಾರಿಂಗ್. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಕೆಳಗೆ.

ಬಾಕ್ಸಿಂಗ್‌ನಲ್ಲಿ ಕಲಿಯಬೇಕಾದ ಹೊಡೆತಗಳು ಕೆಲವೇ: ಜ್ಯಾಬ್, ಕ್ರಾಸ್, ಹುಕ್, ಅಪ್ಪರ್‌ಕಟ್. ಉಳಿದದ್ದೆಲ್ಲ ಕಾಲಿನ ನಡೆ, ತಲೆಯ ಚಲನೆ, ಅಂತರ. ಹೊಡೆತ ಕಡಿಮೆಯಾದ್ದರಿಂದ ಪ್ರತಿಯೊಂದೂ ಸಾವಿರಾರು ಸಲ ಆಗುತ್ತದೆ, ಆರು ತಿಂಗಳಿನಲ್ಲಿ ಕಾಣುವಷ್ಟು ಬದಲಾವಣೆ ಬರುತ್ತದೆ. ಒದೆ ಮತ್ತು ಹಿಡಿತಕ್ಕೆ ಉತ್ತರವಿಲ್ಲ ಎಂಬುದು ಇದರ ಮಿತಿ. ಸಾಮಾನು ಸರಳ: ಸುಮಾರು 4.5 ಮೀಟರ್ ಉದ್ದದ ಕೈಪಟ್ಟಿ, ಚೀಲಕ್ಕೆ ಹೊಡೆಯಲು 10 ಅಥವಾ 12 ಔನ್ಸ್ ಗ್ಲೌಸ್, ಸ್ಪಾರಿಂಗ್‌ಗೆ 14 ಅಥವಾ 16 ಔನ್ಸ್, ಹಲ್ಲಿಗೆ ಮೌತ್ ಗಾರ್ಡ್. ಸ್ಪಾರಿಂಗ್ ಗ್ಲೌಸನ್ನು ಚೀಲಕ್ಕೆ ಬಳಸಿದರೆ ಒಳಗಿನ ಮೆತ್ತೆ ಸತ್ತು ಮುಂದೆ ಜೊತೆಗಾರನ ಮುಖಕ್ಕೆ ಕಲ್ಲಾಗುತ್ತದೆ. ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಹೊಸಬರ ಮಾಮೂಲಿ ಗಾಯ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಮೊದಲು ತಾಗುವಂತೆ, ಮಣಿಕಟ್ಟು ನೆಟ್ಟಗಿರುವಂತೆ ಗುದ್ದಬೇಕು. ಅಡ್ಡಾದಿಡ್ಡಿ ಬೀಸಿದರೆ ಹೊರಗಿನ ಗೆಣ್ಣು ತಾಗಿ ಮುರಿಯುತ್ತದೆ.

ಥಾಯ್ ಬಾಕ್ಸಿಂಗ್, ಅಂದರೆ ಮುಯೆ ಥಾಯ್, ಮುಷ್ಟಿಯ ಜೊತೆ ಮೊಣಕೈ, ಮಂಡಿ, ಒದೆ ಎಲ್ಲವನ್ನೂ ಬಳಸುತ್ತದೆ, ನಿಂತು ಕತ್ತು ಹಿಡಿಯುವ ಕ್ಲಿಂಚ್ ಕೂಡ ಇದೆ. ನಿಂತು ಹೊಡೆದಾಡುವ ಕಲೆಗಳಲ್ಲಿ ಇದಕ್ಕೆ ವ್ಯಾಪ್ತಿ ಹೆಚ್ಚು. ಒದೆಯಲ್ಲಿ ತಾಗುವುದು ಮಂಡಿಗೂ ಪಾದಕ್ಕೂ ನಡುವಿನ ಎಲುಬು. ಅದನ್ನು ಗಟ್ಟಿ ಮಾಡಲು ಕೋಲಿನಿಂದ ಬಡಿದುಕೊಳ್ಳುವುದು, ಬಾಟಲಿ ಉರುಳಿಸುವುದು ಬೇಡ. ಭಾರದ ಚೀಲಕ್ಕೆ ವಾರಕ್ಕೆ ಕೆಲವು ದಿನ ಒದೆಯುತ್ತ ಬಂದರೆ ತಿಂಗಳುಗಳಲ್ಲಿ ತಾನೇ ಗಟ್ಟಿಯಾಗುತ್ತದೆ. ಸಾಮಾನ್ಯ ಸ್ಪಾರಿಂಗ್‌ನಲ್ಲಿ ಮೊಣಕೈ ಬಳಸಿಸುವ ಜಿಮ್ ಸರಿಯಲ್ಲ, ಮೊಣಕೈ ಚರ್ಮವನ್ನು ಚಾಕುವಿನಂತೆ ಸೀಳುತ್ತದೆ. ಥಾಯ್ಲೆಂಡ್‌ನ ಅನುಭವಿ ಹೋರಾಟಗಾರರು ಅಭ್ಯಾಸದಲ್ಲಿ ಆಟವಾಡುವಷ್ಟು ಹಗುರವಾಗಿ ಸ್ಪಾರ್ ಮಾಡುತ್ತಾರೆ. ಹೊಡೆದು ಬೀಳಿಸುವ ಉತ್ಸಾಹ ಹೆಚ್ಚಾಗಿ ಕಾಣುವುದು ಅರ್ಧ ಕಲಿತವರ ಜಿಮ್‌ಗಳಲ್ಲಿ.

ಟೇಕ್ವಾಂಡೊ 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನ ಪದಕದ ಆಟ. ಆ ನಿಯಮದಲ್ಲಿ ತಲೆಗೆ ಕೈಯಿಂದ ಗುದ್ದುವಂತಿಲ್ಲ, ಎದೆಗೆ ಗುದ್ದಿದರೆ ಒಂದೇ ಅಂಕ, ತಲೆಗೆ ಒದ್ದರೆ ಮೂರು. ಅಂಕ ಎಲ್ಲಿದೆಯೋ ಅಭ್ಯಾಸವೂ ಅಲ್ಲೇ. ಹಾಗಾಗಿ ಕಾಲಿನ ವೇಗ ಮತ್ತು ಎತ್ತರ ಅದ್ಭುತವಾಗಿ ಬರುತ್ತದೆ, ಕೈಗಳು ಮಾತ್ರ ಸೊಂಟದ ಹತ್ತಿರ ಜೋತಾಡುತ್ತವೆ. ಇದನ್ನು ತಿಳಿದೇ ಸೇರಿದರೆ ಬೇಸರವಿಲ್ಲ. ಮಕ್ಕಳಿಗೆ ತುಂಬಾ ಹಿಡಿಸುವ ಕಲೆ ಇದು. ತೊಡೆಸಂದು, ತೊಡೆಯ ಹಿಂಭಾಗದ ಸ್ನಾಯು, ಮಂಡಿ ಇಲ್ಲಿ ಗಾಯವಾಗುವ ಜಾಗಗಳು. ತಿರುಗಿ ಒದೆಯುವಾಗ ಊರಿದ ಪಾದ ತಿರುಗದಿದ್ದರೆ ಆ ತಿರುಚು ಮಂಡಿಗೆ ಹೋಗುತ್ತದೆ.

ಕರಾಟೆಯ ಒಳಭೇದ ಮೇಲೆ ಬಂತು. ಗಿಚಿನ್ ಫುನಾಕೋಶಿ 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ತಂದ ಧಾರೆಯಿಂದ ಶೋಟೊಕಾನ್ ಬೆಳೆಯಿತು: ಅಗಲ ನಿಲುವು, ದೂರದಿಂದ ನುಗ್ಗುವ ಗುದ್ದು. ಗೊಜು-ರಿಯುದಲ್ಲಿ ಹತ್ತಿರದ ಕಾಳಗ, ಉಸಿರಿನ ಕೆಲಸ ಹೆಚ್ಚು. ಬೋರ್ಡಿನ ಮೇಲೆ ಶೈಲಿಯ ಹೆಸರೇ ಇಲ್ಲದೆ ಬರೀ ಕರಾಟೆ ಎಂದಿದ್ದರೆ ಯಾವ ಶೈಲಿ, ಯಾವ ನಿಯಮದ ಕುಮಿತೆ (ಎದುರಾಳಿಯೊಡನೆ ಸೆಣಸಾಟ) ಎಂದು ಕೇಳಿಯೇ ಒಳಗೆ ಹೋಗಿ.

ಕಳರಿ, ತಾಯ್ ಚಿ, ಐಕಿಡೊ

ಕೇರಳದ ಕಳರಿಪಯಟ್ಟು ನಾಲ್ಕು ಹಂತದಲ್ಲಿ ಸಾಗುತ್ತದೆ: ಮೈಯನ್ನು ಹದಗೊಳಿಸುವ ಮೈತ್ತಾರಿ, ಕೋಲಿನ ಕೋಲ್ತಾರಿ, ಕತ್ತಿ ಗುರಾಣಿಯ ಅಂಗತ್ತಾರಿ, ಬರಿಗೈಯ ವೆರುಂಕೈ. ಆನೆ, ಸಿಂಹ, ಹಂದಿ, ಸರ್ಪಗಳ ಹೆಸರಿನ ವಡಿವುಗಳಲ್ಲಿ ಮೈ ಬಳುಕುವುದು, ತಗ್ಗಿ ನಿಲ್ಲುವುದು ಬರುತ್ತದೆ. ನೃತ್ಯ, ರಂಗಭೂಮಿಯವರು ಇದಕ್ಕೆ ಬರುವುದು ಸುಮ್ಮನಲ್ಲ. ಬರಿಗೈ ಕಾಳಗ ಕೊನೆಗೆ ಬರುವುದರಿಂದ ಬೇಗ ಹೊಡೆದಾಟ ಕಲಿಯಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಎರಡನೇ ತಿಂಗಳಿಗೇ ಉರುಮಿ ಕೈಗೆ ಕೊಟ್ಟು ವಿಡಿಯೊ ಮಾಡಿಸುವ ಗುರುಕ್ಕಳ್ ಕ್ರಮ ಬಿಟ್ಟಿದ್ದಾನೆಂದೇ ಲೆಕ್ಕ. ಆ ಬಳುಕುವ ಕತ್ತಿ ಮೊದಲು ಸೀಳುವುದು ಬೀಸಿದವನನ್ನೇ.

ತಾಯ್ ಚಿ ಹಿರಿಯರಿಗೆ ಒಳ್ಳೆಯದು ಎಂಬುದು ಬರೀ ಮಾತಲ್ಲ. ನಿಯಮಿತ ಅಭ್ಯಾಸದಿಂದ ಜಾರಿ ಬೀಳುವುದು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. 1956ರಲ್ಲಿ ಚೀನಾದಲ್ಲಿ ರೂಪಿಸಿದ 24 ಚಲನೆಗಳ ಸರಳ ಕ್ರಮ ಹೊಸಬರಿಗೆ ಸಾಕು. ಮಂಡಿ ಬಗ್ಗಿಸಿ ತಿರುಗುವಾಗ ಮಂಡಿ ಒಳಕ್ಕೆ ವಾಲದೆ ಪಾದದ ಬೆರಳಿನ ದಿಕ್ಕಿಗೇ ಇರಬೇಕು. ಇದನ್ನು ತಿದ್ದದ ಗುರುವಿನ ಬಳಿ ಮೂರು ತಿಂಗಳಿಗೆ ಮಂಡಿ ನೋವು ಖಾತ್ರಿ. ಹೋರಾಟದ ಮುಖ ಬೇಕೆಂದರೆ ಇಬ್ಬರು ಕೈ ಕೂಡಿಸಿ ತಳ್ಳಾಡುವ ಪುಷ್ ಹ್ಯಾಂಡ್ಸ್ ಇರುವ ಕಡೆ ಹೋಗಿ.

ಮೊರಿಹೇಯಿ ಉಯೆಶಿಬಾ ಅವರ ಐಕಿಡೊದಲ್ಲಿ ಹೆಚ್ಚಿನ ಶಾಖೆಗಳಿಗೆ ಸ್ಪರ್ಧೆ ಇಲ್ಲ, ಎಲ್ಲವೂ ಒಪ್ಪಂದದ ಜೋಡಿ. ಉರುಳುವುದು, ಮೈಯ ನಯ ಚೆನ್ನಾಗಿ ಬರುತ್ತದೆ. ಹೊಡೆದಾಟಕ್ಕೆ ಇದನ್ನೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಆತ್ಮರಕ್ಷಣೆ ಎಂಬ ಬೋರ್ಡು

ಇಮಿ ಲಿಖ್ಟೆನ್‌ಫೆಲ್ಡ್ ಇಸ್ರೇಲಿ ಸೇನೆಗಾಗಿ ರೂಪಿಸಿದ ಕ್ರಾವ್ ಮಗಾ ಸರಳ ಹೊಡೆತ, ತಪ್ಪಿಸಿಕೊಳ್ಳುವಿಕೆ, ಒತ್ತಡದ ಅಭ್ಯಾಸದ ಮೇಲೆ ನಿಂತಿದೆ. ಇದನ್ನು ಕಲಿಸುವ ಸಂಘಗಳು ಹಲವು, ಎಲ್ಲಕ್ಕೂ ಮೇಲಿನ ಒಂದೇ ಸಂಸ್ಥೆ ಇಲ್ಲ. ಕೆಲವೇ ದಿನಗಳ ಕೋರ್ಸ್ ಮುಗಿಸಿದವರೂ ಶಿಕ್ಷಕರಾಗಿರುತ್ತಾರೆ. ಇಂಥ ಕಡೆ ಗುರುವಿನ ಹಳೆಯ ಬುನಾದಿ ಏನು, ಬಾಕ್ಸಿಂಗೋ ಕುಸ್ತಿಯೋ ಮಾಡಿದ್ದಾರೋ ಎಂದು ವಿಚಾರಿಸಿ.

"ನಮ್ಮ ಪಟ್ಟು ಪ್ರಾಣಾಂತಿಕ, ಅದಕ್ಕೇ ಸ್ಪಾರಿಂಗ್ ಮಾಡಿಸುವುದಿಲ್ಲ" ಎಂಬ ಮಾತು ಕೇಳಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಕಣ್ಣಿಗೆ ಚುಚ್ಚುವುದನ್ನು ಅಭ್ಯಾಸ ಮಾಡಲಾಗದು, ನಿಜ. ಆದರೆ ಕಣ್ಣಿನ ಹತ್ತಿರಕ್ಕೆ ಕೈ ಒಯ್ಯಲು ಬೇಕಾದ ಅಂತರ, ಸಮಯ, ಸಮತೋಲವನ್ನು ಅಭ್ಯಾಸ ಮಾಡಬಹುದಲ್ಲ. ಚಾಕುವಿನ ಕೈ ಕಸಿಯುವುದನ್ನು ರಬ್ಬರ್ ಚಾಕು ಹಿಡಿದು ಸಲೀಸಾಗಿ ಕಲಿಸುವವರೂ ಇದ್ದಾರೆ. ಆ ಚಾಕುವಿಗೆ ಬಣ್ಣ ಹಚ್ಚಿ, ಎದುರಿನವನಿಗೆ ಇಷ್ಟ ಬಂದಂತೆ ಚುಚ್ಚಲು ಹೇಳಿ ನೋಡಿ. ಅಂಗಿಯ ಮೇಲೆ ಎಷ್ಟು ಗೆರೆ ಬಿತ್ತು ಎಣಿಸಿದರೆ ಓಡುವುದೇ ಮೊದಲ ಪಾಠ ಏಕೆಂದು ತಿಳಿಯುತ್ತದೆ. ಒಳ್ಳೆಯ ಆತ್ಮರಕ್ಷಣೆಯ ಗುರು ಜಾಗ ಬಿಟ್ಟು ಹೊರಡುವುದು, ಗಟ್ಟಿಯಾಗಿ ಕೂಗುವುದು, ನೆಲದಿಂದ ಬೇಗ ಏಳುವುದು, ಹಿಡಿತ ಬಿಡಿಸಿಕೊಳ್ಳುವುದಕ್ಕೆ ಅರ್ಧ ಸಮಯ ಕೊಡುತ್ತಾರೆ.

ವಯಸ್ಸು, ಮೈ, ಸಮಯ

ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಕಲೆ ಯಾವುದಾದರೂ ನಡೆಯುತ್ತದೆ. ಉರುಳು, ಬೀಳು, ಓಡು, ಸರದಿ ಕಾಯುವುದು ಇದ್ದರಾಯಿತು. ತಲೆಗೆ ಹೊಡೆಯುವ ಸ್ಪಾರಿಂಗ್, ಕತ್ತು ಬಿಗಿಯುವ ಪಟ್ಟು ಈ ವಯಸ್ಸಿಗೆ ಬೇಡವೇ ಬೇಡ. ಮಕ್ಕಳ ತರಗತಿಯಲ್ಲಿ ಕಾಣುವ ಅತಿ ಕೆಟ್ಟ ಅಭ್ಯಾಸವೊಂದಿದೆ: ಕಾಲು ಚಾಚಿಸಿ ಮೇಲೆ ಕೂತೋ ನಿಂತೋ ಒತ್ತುವುದು. ಬೆಳೆಯುವ ಮಗುವಿನಲ್ಲಿ ಸ್ನಾಯುವಿಗಿಂತ ಅದು ಅಂಟಿಕೊಂಡ ಮೂಳೆಯ ಬೆಳವಣಿಗೆಯ ಭಾಗ ದುರ್ಬಲ, ಅದೇ ಕಿತ್ತು ಬರಬಹುದು. ಅಳುವ ಮಗುವಿನ ಬೆನ್ನ ಮೇಲೆ ಶಿಕ್ಷಕ ಕೂತದ್ದನ್ನು ಕಂಡರೆ ಮಗುವನ್ನು ಎತ್ತಿಕೊಂಡು ಬನ್ನಿ.

ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರಿಗೆ ಜಿಯು-ಜಿಟ್ಸು, ಹಗುರ ಸ್ಪಾರಿಂಗ್‌ನ ಬಾಕ್ಸಿಂಗ್, ತಾಯ್ ಚಿ ಹೊಂದುತ್ತವೆ. ಜೂಡೊ ಆದೀತು, ವಯಸ್ಸಿನವರ ಪ್ರತ್ಯೇಕ ಗುಂಪು ಇದ್ದರೆ ಮಾತ್ರ. ಮಂಡಿಯ ಹಳೆಯ ಗಾಯವಿದ್ದರೆ ತಿರುಗಿ ಒದೆಯುವ ಕಲೆ ಮತ್ತು ಕುಸ್ತಿ ಎರಡನ್ನೂ ಬಿಡಿ. ಭುಜ ಕಳಚಿದ ಇತಿಹಾಸವಿದ್ದರೆ ಹಿಡಿತದ ಕಲೆಗಳು ಅದನ್ನು ಮತ್ತೆ ಕಳಚುತ್ತವೆ. ಕನ್ನಡಕದವರಿಗೆ ಹಿಡಿತದ ಕಲೆ ಸುಲಭ, ಕನ್ನಡಕ ತೆಗೆದಿಟ್ಟರೂ ಕೈಗೆ ಎದುರಾಳಿ ಸಿಗುತ್ತಾನೆ. ಕಣ್ಣಿನ ಹಿಂಭಾಗದ ರೆಟಿನಾ ದುರ್ಬಲ ಎಂದು ವೈದ್ಯರು ಹೇಳಿದ್ದರೆ ಮುಖಕ್ಕೆ ಪೆಟ್ಟು ಬೀಳುವ ಯಾವುದೂ ಬೇಡ.

ವಾರಕ್ಕೆ ಒಂದೇ ದಿನ ಹೋದರೆ ಹಿಂದಿನ ಪಾಠ ಮರೆತಿರುತ್ತದೆ, ಮೈನೋವು ಮಾತ್ರ ಪ್ರತಿ ಸಲ ಹೊಸದಾಗಿರುತ್ತದೆ. ಎರಡು ದಿನ ಕನಿಷ್ಠ, ಮೂರು ಚೆನ್ನ. ಒಂದೂವರೆ ಗಂಟೆಯಂತೆ ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ ಸುಮಾರು 230 ಗಂಟೆ. ಅಷ್ಟಾಗುವವರೆಗೆ ಎರಡನೇ ಕಲೆ ಸೇರಿಸಬೇಡಿ. ಬಾಕ್ಸಿಂಗ್‌ನ ನಿಲುವು, ಕುಸ್ತಿಯ ನಿಲುವು ಒಂದನ್ನೊಂದು ಕೆಡಿಸುತ್ತವೆ. ಮನೆಯಿಂದ ಅರ್ಧ ಗಂಟೆಗಿಂತ ದೂರದ ಶ್ರೇಷ್ಠ ಶಾಲೆಗಿಂತ ಹತ್ತು ನಿಮಿಷದ ಸುಮಾರಾದ ಶಾಲೆಗೇ ಮನುಷ್ಯ ಹೆಚ್ಚು ದಿನ ಹೋಗುತ್ತಾನೆ. ಸುಮಾರಾದ ಶಾಲೆ ಎಂದರೆ ಪದಕ ಕಡಿಮೆ ಇರುವ ಶಾಲೆ ಎಂದರ್ಥ, ಸುರಕ್ಷತೆ ಕಡಿಮೆ ಇರುವುದು ಎಂದಲ್ಲ.

ಗುರುವನ್ನು ನೋಡುವ ಬಗೆ

ಮೊದಲ ಸಲ ಹೋದಾಗ ಮೈದಾನಕ್ಕೆ ಇಳಿಯಬೇಡಿ. ಒಂದು ಇಡೀ ತರಗತಿಯನ್ನು ಬದಿಗೆ ಕೂತು ನೋಡಿ. ನೋಡಲು ಬಿಡುವುದಿಲ್ಲ ಎಂದರೆ ವಿಚಾರ ಅಲ್ಲಿಗೇ ಮುಗಿಯಿತು. ಕೂತಾಗ ಚೆನ್ನಾಗಿ ಆಡುವವನ ಕಡೆ ಕಣ್ಣು ಹೋಗುತ್ತದೆ. ಅವನನ್ನು ಬಿಟ್ಟು ಆ ದಿನದ ಅತಿ ಹೊಸಬ, ಅತಿ ದುರ್ಬಲ ವಿದ್ಯಾರ್ಥಿಯನ್ನು ನೋಡಿ. ಅವನಿಗೆ ಜೋಡಿ ಕೊಟ್ಟವರು ಯಾರು? ಗುರುವೇ ಆರಿಸಿ ಹಳಬನೊಬ್ಬನನ್ನು ಕೊಟ್ಟರೋ, ಉಳಿದ ಇನ್ನೊಬ್ಬ ಹೊಸಬನ ಜೊತೆ ತಾನೇ ಸಿಕ್ಕಿಕೊಂಡನೋ? ಗಾಯಗಳು ಹೆಚ್ಚಾಗಿ ಆಗುವುದು ಇಬ್ಬರು ಹೊಸಬರ ನಡುವೆ, ಇಬ್ಬರಿಗೂ ಬಲ ಇಳಿಸುವುದು ಗೊತ್ತಿರುವುದಿಲ್ಲ. ಅವನು ತಪ್ಪು ಮಾಡಿದಾಗ ಗುರು ಎಷ್ಟು ಮಾತಾಡುತ್ತಾರೆ? ಒಳ್ಳೆಯವರು ಒಂದೇ ವಿಷಯ ತಿದ್ದಿ ಮುಂದೆ ಹೋಗುತ್ತಾರೆ, ಐದು ತಪ್ಪನ್ನು ಒಟ್ಟಿಗೆ ಹೇಳಿದರೆ ಹೊಸಬ ಐದನ್ನೂ ಮರೆಯುತ್ತಾನೆ.

ಸ್ಪಾರಿಂಗ್ ನಡೆಯುವಾಗ ಗುರುವಿನ ಕಣ್ಣು ಎಲ್ಲಿದೆ ನೋಡಿ. ಫೋನಿನಲ್ಲಿದ್ದರೆ ಒಂದು ಸಲ ಕ್ಷಮಿಸಬಹುದು, ಪ್ರತಿ ಸುತ್ತಿನಲ್ಲೂ ಹಾಗಾದರೆ ಬೇಡ. ಬಿಸಿಯಾದ ಜೋಡಿಯನ್ನು ಗುರು ನಿಲ್ಲಿಸಿ ಬಲ ಇಳಿಸಿದರೆ ಒಳ್ಳೆಯ ಗುರುತು. ಸೋತವನನ್ನು ನೋಡಿ ನಗುವ, ಟ್ಯಾಪ್ ಮಾಡಿದವನನ್ನು ಹೀಯಾಳಿಸುವ ಕಡೆ ಮುಂದೆ ಯಾರೂ ಸಮಯಕ್ಕೆ ಟ್ಯಾಪ್ ಮಾಡುವುದಿಲ್ಲ, ಕೀಲು ಮುರಿಯುವುದು ಹಾಗೆ. ಗುರು ತಾನೇ ಹೊಸಬನನ್ನು ಬಡಿದು ಪ್ರದರ್ಶನ ಮಾಡಿದರೆ ಇನ್ನೇನೂ ನೋಡಬೇಕಿಲ್ಲ.

ತರಗತಿ ಮುಗಿದ ಮೇಲೆ ಕೇಳಬೇಕಾದದ್ದು ಹೆಚ್ಚಿಲ್ಲ. ಹೊಸಬರು ಯಾವಾಗ ಸ್ಪಾರ್ ಮಾಡುತ್ತಾರೆ? ಗುದ್ದುವ ಕಲೆಯಲ್ಲಿ ಎರಡು ಮೂರು ತಿಂಗಳು ಎಂಬುದು ಹಿತವಾದ ಉತ್ತರ. ಮೊದಲ ದಿನವೇ ಎಂದರೂ ಎಂದೂ ಇಲ್ಲ ಎಂದರೂ ತೊಂದರೆಯೇ. ಹಿಡಿತದ ಕಲೆಯಲ್ಲಿ ಮೊದಲ ವಾರವೇ ಒಂದು ನಿರ್ದಿಷ್ಟ ಭಂಗಿಯಿಂದ ಸೆಣಸುವುದು ಸರಿ. ಕಳೆದ ವರ್ಷ ಯಾರಿಗಾದರೂ ಏನಾದರೂ ಗಾಯವಾಯಿತೇ, ಆಗ ಏನು ಮಾಡಿದಿರಿ? ಇಲ್ಲವೇ ಇಲ್ಲ ಎಂಬ ಉತ್ತರ ನಂಬುವಂಥದ್ದಲ್ಲ. ಆದದ್ದನ್ನು, ಆಮೇಲೆ ಬದಲಿಸಿದ್ದನ್ನು ಹೇಳುವವರು ನಂಬಿಕೆಗೆ ಅರ್ಹರು. ಬೇರೆ ಶಾಲೆಯಲ್ಲೂ ಕಲಿಯಬಹುದೇ ಎಂದಾಗ ಮುಖ ಗಂಟಿಕ್ಕಿದರೆ ವಿದ್ಯೆಗಿಂತ ವಿಧೇಯತೆ ಮುಖ್ಯವಾದ ಜಾಗವೆಂದು ತಿಳಿಯಿರಿ.

ದೊಡ್ಡ ಚಾಂಪಿಯನ್ ದೊಡ್ಡ ಗುರುವಾಗಿರಬೇಕಿಲ್ಲ. ಹುಟ್ಟಿನಿಂದ ಬಂದ ವೇಗವುಳ್ಳವನಿಗೆ ಅದಿಲ್ಲದವನ ಕಷ್ಟ ಕಾಣುವುದಿಲ್ಲ. ಗುರುವಿನ ಪದಕಕ್ಕಿಂತ, ಅವರ ಬಳಿ ಎರಡು ಮೂರು ವರ್ಷ ಕಲಿತ ಸಾಧಾರಣ ಮೈಕಟ್ಟಿನವರು ಹೇಗೆ ಆಡುತ್ತಾರೆ ಎಂಬುದು ಹೆಚ್ಚು ಹೇಳುತ್ತದೆ. ಎರಡು ವರ್ಷದ ಹಳಬರೇ ಇಲ್ಲದಿದ್ದರೆ, ಶಾಲೆ ಹೊಸದಲ್ಲದಿದ್ದರೆ, ಅವರೆಲ್ಲ ಎಲ್ಲಿ ಹೋದರು ಎಂದು ಯೋಚಿಸಿ.

ಮಕ್ಕಳು ಕಲಿಯುವ ಕಡೆ ಬಾಗಿಲು ತೆರೆದಿರಬೇಕು, ತಂದೆ ತಾಯಿ ಯಾವಾಗ ಬೇಕಾದರೂ ಬಂದು ನೋಡುವಂತಿರಬೇಕು, ಒಬ್ಬ ಮಗುವಿನ ಜೊತೆ ಒಬ್ಬ ಶಿಕ್ಷಕ ಮುಚ್ಚಿದ ಕೋಣೆಯಲ್ಲಿ ಇರಬಾರದು, ಮಗುವಿಗೆ ನೇರ ಖಾಸಗಿ ಸಂದೇಶ ಕಳಿಸಬಾರದು. ಕಳರಿಯ ಎಣ್ಣೆ ಉಳಿಚ್ಚಿಲ್‌ನಂಥ ಮೈಮುಟ್ಟುವ ಚಿಕಿತ್ಸೆಯೂ ಪೋಷಕರ ಎದುರಿಗೇ ಆಗಬೇಕು. ವಯಸ್ಕ ಹೆಣ್ಣುಮಕ್ಕಳು "ಇವರ ಜೊತೆ ಆಡುವುದಿಲ್ಲ" ಎಂದರೆ ಕಾರಣ ಕೇಳದೆ ಜೋಡಿ ಬದಲಿಸುವ ಶಾಲೆ ಬೇಕು. ಮೊದಲ ವಾರವೇ ಹಾಗೆ ಕೇಳಿ ನೋಡಬಹುದು.

ಬೆಲ್ಟು, ಪ್ರಮಾಣಪತ್ರ, ಶುಲ್ಕ

ಬೆಲ್ಟಿನ ಬಣ್ಣ ಎಲ್ಲ ಕಲೆಯಲ್ಲೂ ಒಂದೇ ಅಳತೆಯಲ್ಲ. ಐಬಿಜೆಜೆಎಫ್ ಪ್ರಕಾರ ಜಿಯು-ಜಿಟ್ಸುವಿನಲ್ಲಿ ನೀಲಿಯಲ್ಲಿ ಕನಿಷ್ಠ ಎರಡು ವರ್ಷ, ನೇರಳೆಯಲ್ಲಿ ಒಂದೂವರೆ, ಕಂದಿನಲ್ಲಿ ಒಂದು ವರ್ಷ ಕಳೆಯಬೇಕು. ಕಪ್ಪಿಗೆ 19 ವರ್ಷ ತುಂಬಿರಬೇಕು. ವಾಸ್ತವದಲ್ಲಿ ಹತ್ತು ವರ್ಷ ಹಿಡಿಯುವುದು ಮಾಮೂಲು. ಟೇಕ್ವಾಂಡೊದಲ್ಲಿ ಅದರ ಕೇಂದ್ರ ಸಂಸ್ಥೆ ಕುಕ್ಕಿವೊನ್ 15ರೊಳಗಿನವರಿಗೆ ಡ್ಯಾನ್ (ಕಪ್ಪು ಬೆಲ್ಟಿನ ದರ್ಜೆ) ಬದಲು ಪೂಮ್ ಎಂಬ ಕಿರಿಯರ ದರ್ಜೆ ಕೊಡುತ್ತದೆ. ಬಾಕ್ಸಿಂಗ್, ಕುಸ್ತಿಗಳಲ್ಲಿ ಬೆಲ್ಟೇ ಇಲ್ಲ. ಹಾಗಾಗಿ ಕಪ್ಪು ಬೆಲ್ಟ್ ತೋರಿಸುವವರನ್ನು ಯಾರು ಕೊಟ್ಟರು, ಯಾವಾಗ, ಯಾವ ಸಂಸ್ಥೆಯ ಮೂಲಕ ಎಂದು ಕೇಳಿ. ನಿಜವಾದವರಿಗೆ ಈ ಪ್ರಶ್ನೆ ಖುಷಿ ಕೊಡುತ್ತದೆ, ಗುರುವಿನ ಗುರುವಿನವರೆಗೂ ಹೇಳುತ್ತಾರೆ. ಕೇಳಿ ತಿಳಿದದ್ದನ್ನು ಆ ಸಂಸ್ಥೆಗೆ ಬರೆದು ಖಚಿತ ಮಾಡಿಕೊಳ್ಳಿ. ಸ್ವಂತ ಕಲೆ ಹುಟ್ಟುಹಾಕಿ ತನಗೆ ತಾನೇ ಹತ್ತನೇ ಡ್ಯಾನ್ ಕೊಟ್ಟುಕೊಂಡವರು, ಮುಟ್ಟದೆ ಕೆಡಹುವವರು ಎಲ್ಲ ಕಡೆಯೂ ಇದ್ದಾರೆ. ಅಂಥವರು ಬೀಳಿಸುವುದು ತಮ್ಮ ಶಿಷ್ಯರನ್ನು ಮಾತ್ರ.

ಶುಲ್ಕದಲ್ಲಿ ತಿಂಗಳ ಮೊತ್ತಕ್ಕಿಂತ ಅದರ ಸುತ್ತ ಇರುವುದನ್ನು ಬರೆಸಿಕೊಳ್ಳಿ: ಬೆಲ್ಟ್ ಪರೀಕ್ಷೆಗೆ ಎಷ್ಟು, ವರ್ಷಕ್ಕೆ ಎಷ್ಟು ಪರೀಕ್ಷೆ, ಬಟ್ಟೆ ಅವರಲ್ಲೇ ಕೊಳ್ಳಬೇಕೇ, ಗಾಯವಾಗಿ ಎರಡು ತಿಂಗಳು ಬರದಿದ್ದರೆ ಹಣ ಕಟ್ಟಬೇಕೇ. ಇಷ್ಟು ವರ್ಷದಲ್ಲಿ ಕಪ್ಪು ಬೆಲ್ಟ್ ಖಚಿತ ಎಂಬ ಪ್ಯಾಕೇಜು ಅಂಗಡಿಯ ಲೆಕ್ಕ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೂ ಮೊದಲ ಮೂರು ತಿಂಗಳು ತಿಂಗಳಂತೆಯೇ ಕಟ್ಟಿ.

ಮೊದಲ ಮೂರು ತಿಂಗಳು

ಎರಡು ಅಥವಾ ಮೂರು ಶಾಲೆ ನೋಡಿ, ಒಂದೊಂದರಲ್ಲೂ ಎರಡು ತರಗತಿ ಮಾಡಿ ಆರಿಸಿಕೊಳ್ಳಿ. ದುಬಾರಿ ಸಾಮಾನು ತಕ್ಷಣ ಬೇಡ. ಮೌತ್ ಗಾರ್ಡ್ ಮತ್ತು ಕೈಪಟ್ಟಿ ಮಾತ್ರ ಇನ್ನೊಬ್ಬರದ್ದು ಬಳಸಬಾರದು. ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿ ಅಚ್ಚು ತೆಗೆಯುವ ಬಗೆಯ ಮೌತ್ ಗಾರ್ಡ್ ಸಾಕು. ಬಾಯಿ ತೆರೆದರೆ ಅದು ಕಳಚಿ ಬೀಳುವಂತಿದ್ದರೆ ಅಚ್ಚು ಸರಿಯಾಗಿಲ್ಲ, ಮತ್ತೊಮ್ಮೆ ಬಿಸಿ ಮಾಡಿ.

ಎರಡನೇ ವಾರ ಮೈಯೆಲ್ಲ ನೋಯುತ್ತದೆ, ಅದು ಸ್ನಾಯುವಿನದ್ದು. ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು, ಊತ, ಮಂಡಿ ಸಿಕ್ಕಿಕೊಂಡಂತಾಗುವುದು ಬೇರೆ. ಅದನ್ನು ಹೇಳಿದಾಗ "ನೋವು ನುಂಗುವುದೇ ಸಾಧನೆ" ಎಂಬ ಉತ್ತರ ಬಂದರೆ ವೈದ್ಯರ ಬಳಿಗೂ ಹೋಗಿ, ಬೇರೆ ಶಾಲೆಗೂ ಹೋಗಿ. ಆರನೇ ಏಳನೇ ವಾರಕ್ಕೆ ಏನೂ ಬರುತ್ತಿಲ್ಲ ಎನಿಸುತ್ತದೆ. ಬಿಡುವವರಲ್ಲಿ ಹೆಚ್ಚಿನವರು ಇಲ್ಲೇ ಬಿಡುತ್ತಾರೆ. ಆಗ ನೋಡಬೇಕಾದದ್ದು ಗೆಲ್ಲುವುದನ್ನಲ್ಲ. ಸ್ಪಾರಿಂಗ್ ನಡುವೆ ಉಸಿರು ಬಿಗಿ ಹಿಡಿಯುವುದು ಕಡಿಮೆಯಾಯಿತೇ, ಹೊಡೆತ ಬರುವಾಗ ಕಣ್ಣು ಮುಚ್ಚುವುದು ನಿಂತಿತೇ, ಬಿದ್ದಾಗ ಕೈ ಊರದೆ ಗದ್ದ ಒಳಗೆ ಹೋಗುತ್ತದೆಯೇ? ಮೂರರಲ್ಲಿ ಎರಡಾದರೂ ಆಗಿದ್ದರೆ ಗುರು ಸರಿ, ಕಲೆಯೂ ಸರಿ. ವಾರಕ್ಕೆ ಮೂರು ದಿನ ಹೋಗಿಯೂ ಒಂದೂ ಆಗಿಲ್ಲವೆಂದರೆ ನೇರವಾಗಿ ಗುರುವನ್ನೇ ಕೇಳಿ, ಒಂದು ತಿಂಗಳು ನೋಡಿ, ಆಮೇಲೂ ಹಾಗೇ ಇದ್ದರೆ ಬದಲಿಸಿ.

ಬದಲಿಸುವಾಗ ಹೇಳದೆ ಮಾಯವಾಗಬೇಡಿ. ಬಿಡುತ್ತೇನೆಂದು ಎರಡು ಮಾತಿನಲ್ಲಿ ಹೇಳಿ ಲೆಕ್ಕ ಚುಕ್ತಾ ಮಾಡಿ. ಹೊಸ ಶಾಲೆಗೆ ಹಳೆಯ ಬೆಲ್ಟ್ ಕಟ್ಟಿಕೊಂಡು ಹೋಗುವ ಮುನ್ನ ಅಲ್ಲಿನ ಗುರುವನ್ನು ಕೇಳಿ. ಅದೇ ಕಲೆ, ಅದೇ ಸಂಸ್ಥೆಯಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಶೈಲಿ ಬೇರೆಯಾದರೆ ಬಿಳಿಯಿಂದ ಶುರು ಮಾಡಲು ಹೇಳಬಹುದು. ಹಾಗೆ ಹೇಳಿದರೆ ಒಪ್ಪಿಕೊಳ್ಳಿ, ನಿಮ್ಮ ಮಟ್ಟ ಮೊದಲ ರಂದೊರಿಯಲ್ಲೋ ಮೊದಲ ಸುತ್ತಿನಲ್ಲೋ ಎಲ್ಲರಿಗೂ ಹೇಗೂ ತಿಳಿಯುತ್ತದೆ.